ಟವಲಿನ ಕೆಳಗಿನ ಐವತ್ತು ರೂಪಾಯಿ

ಮೊನ್ನೆ ರೇಷನ್ ಕಾರ್ಡಿನ ಫಾರಂ ತುಂಬಲು ಕೂತಿದ್ದೆ. ಹೆಸರು ಬರೆದೆ, ತಂದೆಯ ಹೆಸರು ಬರೆದೆ, ವಯಸ್ಸನ್ನು ಸ್ವಲ್ಪ ಯೋಚಿಸಿ ಬರೆದೆ. ‘ವಾರ್ಷಿಕ ವರಮಾನ’ ಎಂಬಲ್ಲಿಗೆ ಬಂದಾಗ ಪೆನ್ನು ನಿಂತುಬಿಟ್ಟಿತು. ನನ್ನ ಬಲಗೈ ತಾನಾಗಿ ಪೆನ್ನು ಬಿಟ್ಟು, ಹೆಗಲಿನ ಮೇಲಿಂದ ಜೋತುಬಿದ್ದಿದ್ದ ಟವಲಿನ ಒಳಗೆ ಹೋಗಿ ಬೆರಳು ಮಡಿಸತೊಡಗಿತು. ಸೊಸೆ ನೋಡಿ, “ಮಾವ, ಕೈ ನೋಯ್ತಿದ್ಯಾ?” ಎಂದಳು. “ಇಲ್ಲಮ್ಮ, ಹಳೇ ಅಭ್ಯಾಸ” ಎಂದೆ. ಅವಳಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ನಿಮಗಾದರೆ ಹೇಳಬಹುದು. ನಿಮ್ಮ ಪರಿಚಯ ನನಗಿಲ್ಲ, ನೀವು ಯಾರ ಮಾವಿನ ತೋಟದ ಬೆಲೆಯನ್ನೂ ನನ್ನಿಂದ ಕೇಳಿ ತಿಳಿಯಬೇಕಾಗಿಲ್ಲ.

ನಾನು ಶ್ರೀನಿವಾಸಪುರದಲ್ಲಿ ಮಾವಿನ ದಲ್ಲಾಳಿಯಾಗಿದ್ದವನು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲದ ಮಾತು. ಲೋಯರ್ ಸೆಕೆಂಡರಿ ಪಾಸು ಮಾಡಿದ್ದೆ, ಮದುವೆಯಾಗಿತ್ತು, ಕೆಲಸ ಮಾತ್ರ ಇರಲಿಲ್ಲ. ಹಾಗೆ ಅಲೆಯುತ್ತಿದ್ದವನನ್ನು ಗೌಸ್ ಸಾಹೇಬರು ತಮ್ಮ ಪಾಲುದಾರನನ್ನಾಗಿ ಮಾಡಿಕೊಂಡರು. ಆಗಲೇ ಅವರಿಗೆ ಅರವತ್ತು ದಾಟಿತ್ತು. ಮನೆಯಲ್ಲಿ ದಖನಿ ಉರ್ದು, ತೋಟಗಳಲ್ಲಿ ತೆಲುಗು, ನನ್ನ ಜೊತೆ ಕನ್ನಡ. ಲೆಕ್ಕಕ್ಕೆ ಮಾತ್ರ ಅವರಿಗೆ ಯಾವ ಭಾಷೆಯೂ ಬೇಕಾಗಿರಲಿಲ್ಲ. ಅವರ ಲೆಕ್ಕವೆಲ್ಲ ಬೆರಳಿನಲ್ಲಿ.

ನಮ್ಮ ವ್ಯಾಪಾರದ ರೀತಿ ಹೀಗಿತ್ತು. ತೋಟದವನ ಬೆಲೆ ಕೊಳ್ಳುವವನಿಗೆ ಕೇಳಿಸಬಾರದು, ಕೊಳ್ಳುವವನ ಬೆಲೆ ತೋಟದವನಿಗೆ ಕೇಳಿಸಬಾರದು. ಆದ್ದರಿಂದ ದಲ್ಲಾಳಿ ಇಬ್ಬರ ಕೈಯನ್ನೂ ಬೇರೆ ಬೇರೆಯಾಗಿ ಟವಲಿನ ಕೆಳಗೆ ಹಿಡಿದು, ಬೆರಳಿನಿಂದಲೇ ಕೇಳಿ, ಬೆರಳಿನಿಂದಲೇ ಹೇಳುತ್ತಾನೆ. ಎಷ್ಟು ಬೆರಳು ಹಿಡಿದರೆ ಅಷ್ಟು ನೂರು. ನಡುವಿನ ಗೆಣ್ಣು ಒತ್ತಿದರೆ ಅರ್ಧ ನೂರು. ಅಂಗೈ ಕೆಳಮುಖವಾಗಿದ್ದರೆ ನಮಗೆ ಬಂದದ್ದು, ಅಂಗೈಯನ್ನು ಅಂಗಾತ ಮಾಡಿಸಿ ಒತ್ತಿದರೆ ನಾವು ಕೊಟ್ಟದ್ದು. ವ್ಯಾಪಾರ ಕುದುರಿದ ಮೇಲೆ ಹಣ ನಮ್ಮ ಕೈ ಮೂಲಕವೇ ಹೋಗುತ್ತಿತ್ತು, ನಮ್ಮ ಕಮಿಷನ್ ನಮಗೆ ಉಳಿಯುತ್ತಿತ್ತು. ಮೊದಲ ದಿನವೇ ಸಾಹೇಬರು ನನಗೆ ಹೇಳಿದ್ದರು: “ಬೇಟಾ, ಟವಲ್ ಕೆಳಗಿನ ಅಂಕಿ ಬಾಯಿಗೆ ಬರಬಾರ್ದು. ಹೆಂಡ್ತಿ ಕೇಳಿದ್ರೂ ಬರಬಾರ್ದು.” ಹೆಂಡತಿ ಕೇಳಿದಳು. ನಾನು ಹೇಳಲಿಲ್ಲ. ಒಂದು ವಾರ ಸಾರಿಗೆ ಉಪ್ಪಿರಲಿಲ್ಲ.

ಎರಡು ವರ್ಷ ಸುಖವಾಗಿ ನಡೆಯಿತು. ಆಮೇಲೆ ನನ್ನ ತಲೆ ತಿರುಗಿತು. ಮುಳಬಾಗಿಲಿನಿಂದ ಒಬ್ಬ ಪೇಂಟರನ್ನು ಕರೆಸಿ, ಅಂಗಡಿಯ ಮುಂದೆ ನನ್ನ ಹೆಸರಿನ ಕೆಳಗೆ ‘ಮಾವಿನಹಣ್ಣಿನ ದಲ್ಲಾಳರು ಮತ್ತು ಕಮಿಷನ್ ಏಜೆಂಟರು’ ಎಂದು ಕೆಂಪು ಅಕ್ಷರದಲ್ಲಿ ಬೋರ್ಡು ಬರೆಸಿದೆ. ಮೂಲೆಯಲ್ಲಿ ಅವನು ಒಂದು ಮಾವಿನಹಣ್ಣನ್ನೂ ಬಿಡಿಸಿದ. ಅದು ಬದನೆಕಾಯಿಯ ಹಾಗೆ ಕಾಣುತ್ತಿತ್ತು. ಸಾಹೇಬರು ಬೋರ್ಡನ್ನು ಬಹಳ ಹೊತ್ತು ನೋಡಿದರು. “ಹಣ್ಣಿಗೆ ಬೋರ್ಡ್ ಯಾಕ್ ಬೇಟಾ? ವಾಸ್ನೆ ಸಾಲ್ದಾ?” ಎಂದರು. ವಾಸನೆ ಸಾಕಾಗಿತ್ತು. ಬೋರ್ಡಿನ ಬಣ್ಣ ಒಣಗುವುದರೊಳಗೆ ಕೋಲಾರದ ವರಮಾನ ತೆರಿಗೆ ಕಚೇರಿಯಿಂದ ನನ್ನ ಹೆಸರಿಗೆ ಕಂದು ಲಕೋಟೆ ಬಂತು.

ಲಕೋಟೆಯೊಳಗೆ ಒಂದು ಫಾರಂ. ನನ್ನ ವರಮಾನವನ್ನು ನಾನೇ ಲೆಕ್ಕ ಹಾಕಿ, ನಾನೇ ಬರೆದು, ಇದು ನಿಜವೆಂದು ನಾನೇ ರುಜು ಮಾಡಿ, ಇಂಥ ದಿನದೊಳಗೆ ಹಾಜರಾಗಬೇಕಂತೆ. ಮೂರು ಸಲ ಓದಿದೆ. ಪ್ರತಿ ಸಲವೂ ಮೊದಲು ಅರ್ಥವಾಗಿದ್ದದ್ದೂ ಕಡಿಮೆಯಾಗುತ್ತ ಬಂತು. ‘ಹಿಂದಿನ ವರ್ಷ’ ಎಂದಿತ್ತು. ಯಾವ ವರ್ಷ? ನನ್ನ ಹೆಂಡತಿಯ ವರ್ಷ ಯುಗಾದಿಗೆ ಶುರುವಾಗುತ್ತದೆ, ಸಾಹೇಬರ ಹಬ್ಬಗಳು ಚಂದ್ರನನ್ನು ನೋಡಿಕೊಂಡು ಬರುತ್ತವೆ, ಮಾವಿನ ವರ್ಷ ಹೂವಿನಿಂದ ಹೂವಿಗೆ. ‘ಇತರೆ ಮೂಲಗಳು’ ಎಂದಿತ್ತು. ತೋಟಕ್ಕೆ ಹೋದಾಗ ಅವರು ಇಕ್ಕುವ ಮುದ್ದೆ ಊಟ ಇತರೆ ಮೂಲವೇ? ಗಾಡಿಯಲ್ಲಿ ಹಾಕಿ ಕಳಿಸುವ ಒಂದು ಬುಟ್ಟಿ ರಸಪುರಿ? ಅದರಲ್ಲಿ ಅರ್ಧ ಕೊಳೆತಿದ್ದರೆ ಪೂರ್ತಿ ಬರೆಯಬೇಕೆ, ಅರ್ಧ ಬರೆಯಬೇಕೆ? ನಗಬೇಡಿ. ಆಗ ಇದೆಲ್ಲ ನನ್ನ ನಿದ್ದೆ ಕೆಡಿಸಿತ್ತು.

ವಿಚಿತ್ರವೆಂದರೆ, ಲಕೋಟೆ ಬಂದ ಸುದ್ದಿ ಹಬ್ಬಿದ ಮೇಲೆ ಊರಿನಲ್ಲಿ ನನ್ನ ಮರ್ಯಾದೆ ಹೆಚ್ಚಿತು. ಸರ್ಕಾರವೇ ಹುಡುಕಿಕೊಂಡು ಬಂದಿದೆ ಎಂದ ಮೇಲೆ ಕುಳ ದೊಡ್ಡದೇ ಇರಬೇಕು ಎಂದು ಜನ ಲೆಕ್ಕ ಹಾಕಿದರು. ಹೋಟೆಲಿನಲ್ಲಿ ಬೆಂಚು ಖಾಲಿ ಮಾಡಿಕೊಟ್ಟರು. ನನಗೆ ಹೆದರಿಕೆಯಾಗುತ್ತಿತ್ತು, ಹಿಗ್ಗೂ ಆಗುತ್ತಿತ್ತು. ಎರಡರಲ್ಲಿ ಯಾವುದನ್ನು ಮುಖದ ಮೇಲೆ ಇಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ.

ನಮ್ಮಲ್ಲಿ ಪುಸ್ತಕವೆಂಬುದೇ ಇರಲಿಲ್ಲ. ಇದ್ದದ್ದು ಒಂದು ತಗಡಿನ ಡಬ್ಬ, ಮತ್ತು ಸಾಹೇಬರ ನೆನಪು. ಒಂದು ಮಧ್ಯಾಹ್ನ ಅಂಗಡಿಯ ಹಿಂದೆ ಚಾಪೆ ಹಾಸಿ ಕೂತೆವು. ಇಬ್ಬರೇ ಇದ್ದೆವು. ಆದರೂ ಸಾಹೇಬರು ಬಾಯಿ ಬಿಡಲಿಲ್ಲ. ತೋಟದ ಹೆಸರು ಹೇಳುವರು, ಆಮೇಲೆ ಟವಲು ಹಾಸಿ ನನ್ನ ಎಡಗೈ ಹಿಡಿದು ಬೆರಳು ಒತ್ತುವರು. ನಾನು ಬಲಗೈಯಲ್ಲಿ ಬರೆದುಕೊಳ್ಳುವುದು. ಸಂಜೆಯೊಳಗೆ ಎಲ್ಲ ತೋಟಗಳೂ ಮುಗಿದವು, ಒಂದನ್ನು ಬಿಟ್ಟು.

ಅದು ಗೌನಿಪಲ್ಲಿಯ ನರಸಮ್ಮನ ತೋಟ. ನರಸಮ್ಮ ಗಂಡ ಸತ್ತ ಹೆಂಗಸು. ತೋಟ ನೆಟ್ಟವನು ಅವಳ ಗಂಡ. ಅವನಿದ್ದಾಗ ಆ ತೋಟದ ಫಸಲು ಮುನ್ನೂರೈವತ್ತಕ್ಕೆ ಹೋಗುತ್ತಿತ್ತು ಎಂದು ಅವಳೇ ಎಲ್ಲರಿಗೂ ಸಾರಿಕೊಂಡು ಬರುತ್ತಿದ್ದಳು. ತನ್ನ ಕಾಲದಲ್ಲೂ ಅದು ಒಂದು ರೂಪಾಯಿ ಇಳಿಯಬಾರದು, ಇಳಿದರೆ ಮರದಲ್ಲೇ ಕೊಳೆಯಲಿ ಎಂಬುದು ಅವಳ ಹಟ.

“ಆ ತೋಟ ಬಿಡು” ಎಂದರು ಸಾಹೇಬರು.

“ಬಿಡೋದು ಹೆಂಗೆ ಸಾಹೇಬ್ರೇ? ಫಾರಂನಲ್ಲಿ ಎಲ್ಲಾ ಬರೀಬೇಕು.”

“ನಿನ್ ಫಾರಂ ಬಂದು ತೋಟ ನೋಡಿತ್ತಾ? ಬಿಡು ಅಂದೆ.”

ಬಿಟ್ಟೆ. ಆದರೆ ಮನೆಗೆ ಹೋಗಿ ಕೂಡಿಸಿದಾಗ, ಬಂದ ಕಮಿಷನ್ನಿನಲ್ಲಿ ಖರ್ಚು ಕಳೆದದ್ದಕ್ಕೂ ಡಬ್ಬದಲ್ಲಿ ಉಳಿದಿದ್ದಕ್ಕೂ ಐವತ್ತು ರೂಪಾಯಿ ವ್ಯತ್ಯಾಸ ಬಂತು. ಡಬ್ಬದಲ್ಲಿ ಐವತ್ತು ಕಡಿಮೆ. ನಾಲ್ಕು ಸಲ ಕೂಡಿಸಿದೆ, ಕೆಳಗಿನಿಂದ ಮೇಲಕ್ಕೂ ಕೂಡಿಸಿದೆ. ಐವತ್ತು ಅಲ್ಲಾಡಲಿಲ್ಲ. ಸಾಹೇಬರು ಹೇಳಲು ಒಪ್ಪದ ವ್ಯಾಪಾರ ಒಂದೇ, ಕಾಣೆಯಾದ ಹಣ ಐವತ್ತು. ನನ್ನ ಲೋಯರ್ ಸೆಕೆಂಡರಿ ಬುದ್ಧಿಗೆ ಇಷ್ಟು ಸಾಕಾಯಿತು. ಸಾಹೇಬರು ಡಬ್ಬದಿಂದ ಐವತ್ತು ತೆಗೆದುಕೊಂಡಿದ್ದಾರೆ, ಅದನ್ನು ಮುಚ್ಚಲು ನರಸಮ್ಮನ ತೋಟವನ್ನು ಮುಂದೆ ಮಾಡುತ್ತಿದ್ದಾರೆ ಎಂದುಕೊಂಡೆ. ನನಗೆ ಅನ್ನದ ದಾರಿ ತೋರಿಸಿದ ಮನುಷ್ಯನ ಬಗ್ಗೆ ಹಾಗಂದುಕೊಂಡೆ. ಈಗಲೂ ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಅವರನ್ನು ಕೇಳುವ ಧೈರ್ಯವಂತೂ ಇರಲಿಲ್ಲ. ಹೇಡಿಗೆ ಕಾಗದವೇ ಬಾಯಿ. ಫಾರಂನ ಕೊನೆಯ ಸಾಲಿನಲ್ಲಿ, ಚಿಕ್ಕ ಅಕ್ಷರದಲ್ಲಿ, ‘ಗೌನಿಪಲ್ಲಿ ನರಸಮ್ಮನ ತೋಟದ ಬಾಬ್ತು ಐವತ್ತು, ವಿವರ ತಿಳಿಯದು’ ಎಂದು ಬರೆದು ರುಜು ಹಾಕಿದೆ.

ಗೊತ್ತುಪಡಿಸಿದ ದಿನ ಇಬ್ಬರೂ ಸಣ್ಣ ರೈಲು ಹತ್ತಿ ಕೋಲಾರಕ್ಕೆ ಹೋದೆವು. ರೈಲಿನಲ್ಲಿ ಸಾಹೇಬರು ಕಡಲೆಕಾಯಿ ಸುಲಿದು ಸುಲಿದು ನನ್ನ ಕೈಗೆ ಹಾಕುತ್ತಿದ್ದರು. ನಾನು ಕಿಟಕಿ ನೋಡುತ್ತ ತಿನ್ನುತ್ತಿದ್ದೆ.

ಕಚೇರಿಯ ಬೆಂಚಿನಲ್ಲಿ ನಮ್ಮೂರಿನವರೇ ಇಬ್ಬರು ಹುಣಿಸೇಹಣ್ಣಿನ ವ್ಯಾಪಾರಿಗಳು ತಮ್ಮ ಸರದಿಗೆ ಕಾಯುತ್ತಿದ್ದರು. ಅಧಿಕಾರಿಗಳು ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತಿನವರು. ನನ್ನ ಫಾರಂ ಓದುತ್ತ ಓದುತ್ತ ಕೊನೆಯ ಸಾಲಿಗೆ ಬಂದು, ಅದನ್ನು ಗಟ್ಟಿಯಾಗಿ ಓದಿದರು.

“ಏನ್ರೀ ಇದು, ವಿವರ ತಿಳಿಯದು ಅಂದ್ರೆ? ನಿಮ್ಮ ಹಣ, ನಿಮಗೆ ತಿಳಿಯದೆ ನನಗೆ ತಿಳಿಯುತ್ಯೇ? ನೋಡಿ, ಈ ಐವತ್ತು ಖರ್ಚಾಗಿದ್ರೆ ಯಾರಿಗೆ, ಯಾಕೆ ಅಂತ ಹೇಳಿ, ಕಳೀತೀನಿ. ಆಗ ನಿಮಗೆ ತೆರಿಗೆಯೇ ಬೀಳಲ್ಲ. ನೀವೇ ಇಟ್ಕೊಂಡಿದ್ರೆ ಅದು ವರಮಾನ, ತೆರಿಗೆ ಬೀಳುತ್ತೆ. ಎರಡರಲ್ಲಿ ಯಾವ್ದು?”

ಬೆಂಚಿನ ಮೇಲಿದ್ದ ಇಬ್ಬರೂ ಕತ್ತು ಮುಂದೆ ಚಾಚಿದರು. ಸಾಹೇಬರು ನನ್ನನ್ನು ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಆಮೇಲೆ ಬೆಂಚಿನ ಕಡೆ ನೋಡಿದರು. ಮೇಜಿನ ಹತ್ತಿರ ಹೋದರು. ಹೆಗಲಿನ ಟವಲು ತೆಗೆದು ಅಧಿಕಾರಿಗಳ ಬಲಗೈ ಮೇಲೆ ಹೊದಿಸಿ, ತಮ್ಮ ಕೈಯನ್ನು ಅದರೊಳಗೆ ತೂರಿಸಿಬಿಟ್ಟರು.

ನಲವತ್ತು ವರ್ಷದಿಂದ ಲೆಕ್ಕ ಕೇಳಿದವರಿಗೆಲ್ಲ ಅವರು ಉತ್ತರ ಕೊಟ್ಟಿದ್ದು ಹಾಗೆಯೇ. ಆದರೆ ಸರ್ಕಾರಿ ಕಚೇರಿಯಲ್ಲಿ ಟವಲಿನ ಕೆಳಗೆ ಕೈ ಹೋದರೆ ಜನ ಏನೆಂದುಕೊಳ್ಳುತ್ತಾರೆ, ನೀವೇ ಹೇಳಿ. ಅಧಿಕಾರಿಗಳು ಹಾವು ಮುಟ್ಟಿದವರ ಹಾಗೆ ಕೈ ಕಿತ್ತುಕೊಂಡು ಎದ್ದು ನಿಂತರು. “ಲಂಚ ಕೊಡ್ತೀರಾ? ನನಗೆ?” ಎಂದು ಕೂಗಿದರು. ಜವಾನ ಓಡಿಬಂದ. ನನಗೆ ಜೈಲಿನ ಬಾಗಿಲು ಕಂಡಿತು. ಸಾಹೇಬರು ಮಾತ್ರ ತಬ್ಬಿಬ್ಬಾಗಿ ಎರಡೂ ಅಂಗೈಗಳನ್ನು ಚಾಚಿ ತೋರಿಸಿದರು. ಏನೂ ಇರಲಿಲ್ಲ. ಟವಲನ್ನು ಕೊಡವಿದರು. ಒಂದು ಕಡಲೆಕಾಯಿ ಸಿಪ್ಪೆ ಬಿತ್ತು.

“ಲೆಕ್ಕ ಹೇಳೋಕ್ ಬಂದೆ ಸ್ವಾಮಿ” ಎಂದರು.

“ಲೆಕ್ಕ ಬಾಯಲ್ಲಿ ಹೇಳಿ!”

“ಬಾಯಲ್ಲಿ ಹೇಳಿದ್ರೆ ಆಯಮ್ಮನ ಮರ್ಯಾದೆ ಹೋಗ್ತದೆ ಸ್ವಾಮಿ.”

ಅಧಿಕಾರಿಗಳು ನನ್ನ ಕಡೆ ತಿರುಗಿದರು. ನನಗೇನು ಗೊತ್ತು? ನಾನು ಸಾಹೇಬರ ಕಡೆ ತಿರುಗಿದೆ. ಆಗ ಅವರು ಎಲ್ಲರ ಎದುರಿಗೇ ನನ್ನ ಕೈ ಹಿಡಿದು ಟವಲು ಮುಚ್ಚಿದರು. ಕೊಳ್ಳುವವನ ಬೆಲೆ ಮೊದಲು: ಮೂರು ಬೆರಳು, ಬರೀ ಮೂರು. ಆಮೇಲೆ ನನ್ನ ಅಂಗೈಯನ್ನು ಅಂಗಾತ ಮಾಡಿದರು. ನಡುವಿನ ಗೆಣ್ಣನ್ನು ಒತ್ತಿದರು. ಒಂದು ಸಲ.

ಅಂಗಾತ. ನಾವು ಕೊಟ್ಟದ್ದು. ಮರಗಳು ಮುದಿಯಾಗಿದ್ದವು, ಮಾಲೂರಿನಿಂದ ಬಂದ ವ್ಯಾಪಾರಿ ಮುನ್ನೂರರ ಮೇಲೆ ಏರಿರಲಿಲ್ಲ. ಕಮಿಷನ್ ಹಿಡಿಯದೆ, ಮಿಕ್ಕ ಅರ್ಧ ನೂರನ್ನು ಡಬ್ಬದಿಂದ ಹಾಕಿ, ಗಂಡ ಪಡೆಯುತ್ತಿದ್ದ ಬೆಲೆಯನ್ನೇ ಸಾಹೇಬರು ಅವಳ ಕೈಗೆ ಒತ್ತಿ ಬಂದಿದ್ದರು. ನಾನು ಬರುವ ಮೊದಲಿನ ವರ್ಷಗಳಲ್ಲಿ ಎಷ್ಟು ಹಾಕಿದ್ದರೋ ದೇವರೇ ಬಲ್ಲ. ಹೇಳಿಬಿಟ್ಟರೆ ತೆರಿಗೆ ತಪ್ಪುತ್ತದೆ. ಆದರೆ ಬೆಂಚಿನ ಮೇಲಿದ್ದ ಆ ಎರಡು ಜೊತೆ ಕಿವಿ ಸಂಜೆಯೊಳಗೆ ಊರು ಮುಟ್ಟುತ್ತವೆ, ನಾಳೆ ಗೌನಿಪಲ್ಲಿ ಮುಟ್ಟುತ್ತವೆ. ನರಸಮ್ಮನ ಮುನ್ನೂರೈವತ್ತು ಒಬ್ಬ ಸಾಬರು ಹಾಕಿದ ಭಿಕ್ಷೆಯಾಗುತ್ತದೆ. ಅವಳು ಆ ತೋಟಕ್ಕೆ ಮತ್ತೆ ಕಾಲಿಡುವುದಿಲ್ಲ.

“ವರಮಾನ ಅಂತಲೇ ಬರ್ಕೊಳ್ಳಿ ಸ್ವಾಮಿ” ಎಂದೆ.

“ಅಂದ್ರೆ ನೀವು ಇಟ್ಕೊಂಡ್ರಿ?”

“ಹೂಂ. ಇಟ್ಕೊಂಡ್ವಿ.”

ಅಧಿಕಾರಿಗಳು ನನ್ನನ್ನು, ಸಾಹೇಬರನ್ನು, ನೆಲದ ಮೇಲಿದ್ದ ಸಿಪ್ಪೆಯನ್ನು ನೋಡಿದರು. ಬರೆದುಕೊಂಡರು. ಹೀಗೆ ನಾವು ಕೊಟ್ಟುಬಿಟ್ಟಿದ್ದ ಹಣಕ್ಕೆ ನಾವೇ ತೆರಿಗೆ ಕಟ್ಟಿ ಬಂದೆವು. ಅದು ಸರಿಯಾದ ಲೆಕ್ಕವೋ ತಪ್ಪು ಲೆಕ್ಕವೋ ನನಗೆ ಅಂದೂ ತಿಳಿಯಲಿಲ್ಲ.

ಊರಿನಲ್ಲಿ ಮರ್ಯಾದೆ ಏರಿದಷ್ಟೇ ಬೇಗ ಇಳಿಯಿತು. ವಿಧವೆಯ ತೋಟದಲ್ಲಿ ಐವತ್ತು ತಿಂದು, ಸರ್ಕಾರದ ಮುಂದೆ ಸಿಕ್ಕಿಬಿದ್ದವರು ಎಂದು ಮಾತಾಯಿತು. ಹೋಟೆಲಿನ ಬೆಂಚಿನಲ್ಲಿ ಯಾರೂ ಸರಿದು ಜಾಗ ಕೊಡಲಿಲ್ಲ. ಮುಂದಿನ ಹೂವಿನ ಕಾಲಕ್ಕೆ ನಾಲ್ಕು ತೋಟದವರು ನಮ್ಮನ್ನು ಬಿಟ್ಟು ಬೇರೆ ದಲ್ಲಾಳಿ ಹಿಡಿದರು. ನನ್ನ ಹೆಂಡತಿ ಮುಖ ಕೊಟ್ಟು ಮಾತಾಡಲಿಲ್ಲ. ಅವಳಿಗೂ ನಾನು ಹೇಳುವ ಹಾಗಿರಲಿಲ್ಲವಲ್ಲ. ನಾನೇ ಒಂದು ದಿನ ಬೋರ್ಡು ಇಳಿಸಿದೆ. ಅದರ ಹಲಗೆ ಹಿತ್ತಲಿನಲ್ಲಿ ಕೋಳಿಗೂಡಿಗೆ ಬಾಗಿಲಾಯಿತು.

ಕಾಯಿ ಕಟ್ಟುವ ಹೊತ್ತಿಗೆ, ಒಂದು ಬೆಳಗ್ಗೆ, ನರಸಮ್ಮ ಅಂಗಡಿಗೆ ಬಂದಳು. ನಾಲ್ಕು ಜನ ಬೀದಿಯಲ್ಲಿ ನಿಂತರು. ಇವತ್ತು ಇಬ್ಬರಿಗೂ ಪೂಜೆಯಾಗುತ್ತದೆ ಎಂಬುದು ಎಲ್ಲರ ಆಸೆ. ಅವಳು ಜಗಲಿಯ ಮೇಲೆ ಕೂತು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಸಾವಕಾಶವಾಗಿ ಶುರು ಮಾಡಿದಳು.

“ಏಮಯ್ಯಾ ಸಾಯಿಬ್ಬೂ, ನನ್ ತೋಟದಾಗೆ ಐವತ್ತು ತಿಂದ್ರಂತೆ?”

ಸಾಹೇಬರು ತಲೆ ತಗ್ಗಿಸಿದರು. “ತಪ್ಪಾಯ್ತಮ್ಮ” ಎಂದರು.

“ಸರೆ, ಪೋನೀ. ತಿಂದ್ರೆ ತಿಂದ್ರಿ. ನೀವೂ ಮಕ್ಕಳೊಂದಿಗರು. ನಮ್ ಯಜಮಾನ್ರು ಇದ್ದಿದ್ರೂ ಇದನ್ನೇ ಅಂತಿದ್ರು.” ಬೀದಿಯವರಿಗೂ ಕೇಳಿಸಲಿ ಎಂಬಂತೆ ದನಿ ಏರಿಸಿದಳು. “ಐವತ್ತಕ್ಕೆಲ್ಲ ನಾನು ಬಡವಿ ಆಗಲ್ಲ ನಾಯನಾ. ನನ್ ಮಾಲು ಮುನ್ನೂರೈವತ್ತರ ಮಾಲು!”

ಹಾಗಂದು, ಮಗುವಿಗೆ ಮಿಠಾಯಿ ಕೊಡುವವಳ ಹಾಗೆ ಬಲಗೈ ಚಾಚಿದಳು. ಸಾಹೇಬರು ಟವಲು ಹೊದಿಸಿದರು. ಬೆರಳು ಹೇಳಿದ್ದು ನನಗೆ ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಅವಳು ತೃಪ್ತಿಯಾಗಿ ತಲೆಯಾಡಿಸಿ, ರಾಣಿಯ ಹಾಗೆ ಮೆಟ್ಟಿಲಿಳಿದು ಹೋದಳು. ಸಾಹೇಬರು ಅವಳು ಮರೆಯಾಗುವವರೆಗೂ ನೋಡಿದರು. ಅವರ ಕಣ್ಣು ತುಂಬಿತ್ತು, ಮೀಸೆಯ ಕೆಳಗೆ ನಗುವಿತ್ತು.

“ನೋಡ್ದಾ ಬೇಟಾ,” ಎಂದರು, “ಆಯಮ್ಮ ನಮ್ಮನ್ನ ಕ್ಷಮಿಸಿಬಿಟ್ಲು.”

ಈಗ ಇಬ್ಬರೂ ಇಲ್ಲ. ತೋಟವೂ ಇಲ್ಲ. ಮಂಡಿಯಲ್ಲಿ ಬೆಲೆಯನ್ನು ಮೈಕಿನಲ್ಲಿ ಕೂಗುತ್ತಾರೆ. ಬಾಯಿಗೆ ಬರಬಾರದ ಅಂಕಿಯನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದು ಇವತ್ತು ನಿಮಗೆ ಹೇಳಿಬಿಟ್ಟೆ. ಹೇಳಿದ್ದು ತಪ್ಪೋ ಏನೋ, ಅದೂ ಗೊತ್ತಾಗುತ್ತಿಲ್ಲ.

ಮೊನ್ನೆ ಆ ರೇಷನ್ ಕಾರ್ಡಿನ ಫಾರಂ ಇನ್ನೂ ಮುಂದೆಯೇ ಇತ್ತು. ಸೊಸೆಯನ್ನು ಕರೆದು, “ಬಾಮ್ಮ, ಇಲ್ಲಿ ಕೂತ್ಕೋ, ನಿನ್ ಕೈ ಕೊಡು” ಎಂದೆ. ಅವಳು ನಗುತ್ತ ಕೊಟ್ಟಳು. ಟವಲು ಹೊದಿಸಿ, ಅವಳ ಅಂಗೈಯನ್ನು ಅಂಗಾತ ಮಾಡಿ, ನಡುವಿನ ಗೆಣ್ಣನ್ನು ಮೆಲ್ಲಗೆ ಒತ್ತಿದೆ.

“ಇದು ಎಷ್ಟು ಮಾವ?” ಎಂದಳು.