ಎಳೆದು ನೋಡಿ ಕೊಡುವ ಯಶೋಧರಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಿಕ್ಕಬಳ್ಳಾಪುರದ ಆ ಸೂಪರ್ ಮಾರ್ಕೆಟ್ಟಿನ ಷಟರ್ ಅರ್ಧ ಮಾತ್ರ ಎದ್ದಿದೆ. ಬಗ್ಗಿ ಒಳಗೆ ಹೋದರೆ, ಮಕ್ಕಳ ಸಾಮಾನಿನ ಸಾಲಿನಲ್ಲಿ ನೆಲಕ್ಕೆ ರಟ್ಟು ಹಾಸಿಕೊಂಡು ಯಶೋಧರಾ ಕೂತಿದ್ದಾರೆ. ಕೈಗೆ ತೆಳು ಗ್ಲೌಸು, ಮಡಿಲಲ್ಲಿ ಹಾಲುಣಿಸುವ ಬಾಟಲಿಗಳು. ಒಂದೊಂದೇ ನಿಪ್ಪಲನ್ನು ಹಿಡಿದು ಜಗ್ಗುತ್ತಾರೆ, ಅದರ ಬುಡವನ್ನು ಟ್ಯೂಬ್‌ಲೈಟಿನ ಕಡೆ ಎತ್ತಿ ನೋಡುತ್ತಾರೆ. ಕೂದಲೆಳೆಯಷ್ಟು ಬಿರುಕು ಕಂಡರೂ ಪಕ್ಕದ ಪೆಟ್ಟಿಗೆಗೆ ಎಸೆಯುತ್ತಾರೆ. ಆಮೇಲೆ ಡೈಪರಿನ ಸರದಿ. ಬಂಡಲಿಗೊಂದು ಬಿಚ್ಚಿ ಅಂಟುಪಟ್ಟಿ ಎಳೆಯುತ್ತಾರೆ. ಕಿತ್ತು ಬಂದರೆ ಆ ಬಂಡಲು ರ್‍ಯಾಕ್ ಏರುವುದಿಲ್ಲ.

ಈ ಕೆಲಸಕ್ಕೆ ಅವರಿಗೆ ಸಂಬಳವಿಲ್ಲ. ಡ್ಯೂಟಿ ಶುರುವಾಗುವುದು ಒಂಬತ್ತಕ್ಕೆ. ಇದನ್ನು ಪತ್ರಿಕೆಗೆ ಬರೆಯುತ್ತೇವೆ ಎಂದಾಗ ಅವರ ಮುಖ ಬಾಡುತ್ತದೆ. "ಹೊಗಳೋಂಥದ್ದು ಏನಿಲ್ಲ. ಬರೆಯೋದಾದ್ರೆ ಪೆರೇಸಂದ್ರದ ವಿಷ್ಯಾನೂ ಬರೀರಿ. ಇಲ್ದಿದ್ರೆ ಬೇಡ."

ಮೊದಲು ಅವರು ಗೌರಿಬಿದನೂರಿನ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಪರೀಕ್ಷಿಸುತ್ತಿದ್ದರು. ಗಂಡ ತೀರಿಕೊಂಡ ವರ್ಷವೇ ಅದು ಮುಚ್ಚಿತು. ಓದುವ ಮಗಳನ್ನು ಕರೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಬಂದು ಈ ಅಂಗಡಿ ಸೇರಿದರು. ಅಂಗಡಿಯದೇ ಹೆಸರಿನ ಬಾಟಲಿ, ಡೈಪರು, ಕೂಸಿನ ಅಂಗಿ ಜಬ್ಲಗಳು ಬೇರೆ ಕಂಪನಿಯವುಗಳ ಅರ್ಧ ಬೆಲೆಗೆ ಸಿಗುತ್ತವೆ. ಅವನ್ನೇ ಮುಂದೆ ಇಟ್ಟು ಮಾರಬೇಕು. ದೂರು ಬಂದರೆ, ಬಳಸಿದವರದೇ ತಪ್ಪು ಎನ್ನಬೇಕು. ಹಾಗೆಂದು ಮೇಲಿನಿಂದಲೇ ಹೇಳಿಕೊಟ್ಟಿದ್ದರು. ಜಬ್ಲದ ಗುಂಡಿ ಮೊದಲ ಒಗೆತಕ್ಕೇ ಉದುರುತ್ತದೆ, ಡೈಪರು ಸೋರುತ್ತದೆ ಎಂದು ಯಶೋಧರಾಗೆ ಗೊತ್ತಿತ್ತು. ಗೊತ್ತಿದ್ದೂ ಮಾರಿದರು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಪೆರೇಸಂದ್ರದಿಂದ ಅತ್ತೆ ಸೊಸೆ ಬಂದರು. ಅತ್ತೆ ಶ್ಯಾಮಲಮ್ಮ, ಸೊಸೆ ಕವಿತ. ಕವಿತಳ ಕೈಯಲ್ಲಿ ತುದಿ ಹರಿದ ನಿಪ್ಪಲು. ಹಾಲು ಕುಡಿಯುವಾಗ ರಬ್ಬರಿನ ಚೂರು ಮಗುವಿನ ಗಂಟಲಿಗೆ ಇಳಿದಿತ್ತು. ಬೆರಳು ಹಾಕಿ ತೆಗೆಯುವಷ್ಟರಲ್ಲಿ ಮಗು ನೀಲಿಗಟ್ಟಿತ್ತಂತೆ. ಆ ಚೂರನ್ನೂ ಕಾಗದದಲ್ಲಿ ಸುತ್ತಿ ತಂದಿದ್ದಳು.

ಯಶೋಧರಾ ಬಾಯಿಪಾಠದ ಮಾತನ್ನೇ ಆಡಿದರು. "ಜಾಸ್ತಿ ಹೊತ್ತು ಕುದಿಸಿದ್ದೀರಮ್ಮ, ಅದಕ್ಕೇ ಹರಿದಿದೆ."

ಕವಿತ ಇಲ್ಲವೆಂದು ತಲೆಯಾಡಿಸಿದಳು. ಶ್ಯಾಮಲಮ್ಮ ಸೊಸೆಯ ಕಡೆ ತಿರುಗಿ ಒಂದು ಸಲ ನೋಡಿದರು, ಅಷ್ಟೆ. ಇಬ್ಬರೂ ಹೊರಟುಹೋದರು. ಅದು ಸೊಸೆಯನ್ನೇ ದೂರುವ ನೋಟವೆಂದು ಯಶೋಧರಾಗೆ ಅರ್ಥವಾಗಿತ್ತು. ಆದರೂ ಹಿಂದೆಯೇ ಹೋಗಿ ಕರೆಯಲಿಲ್ಲ.

ಮಾರನೆಯ ದಿನದಿಂದಲೇ ಬೇಗ ಬರತೊಡಗಿದರು. ಮ್ಯಾನೇಜರ್ ಮೋಹನ್‌ಬಾಬು ಮೊದಲು ಗದರಿದರು. ವಾಪಸು ಹೋಗುವ ಪೆಟ್ಟಿಗೆ ಹೆಚ್ಚಾದಂತೆ ಅವರಿಗೆ ಮೇಲಿನಿಂದ ಬೈಗುಳ ಬರುತ್ತಿತ್ತು. ಕೆಲವು ತಿಂಗಳು ಯಶೋಧರಾರನ್ನು ಬೇಳೆಕಾಳಿನ ಸಾಲಿಗೆ ಹಾಕಿದರು. ಡ್ಯೂಟಿ ಎಲ್ಲಿದ್ದರೂ ಬೆಳಗ್ಗೆ ಅವರು ಕೂರುತ್ತಿದ್ದುದು ಬಾಟಲಿಗಳ ಮುಂದೆಯೇ. ಕೊನೆಗೆ ಆ ಹಟಕ್ಕೆ ಸೋತ ಮೋಹನ್‌ಬಾಬು ಬೀಗದ ಕೈ ಕೊಟ್ಟು, ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ ಎನ್ನುತ್ತೇನೆ ಎಂದರು.

ಹೋದ ಯುಗಾದಿಯ ಹೊತ್ತಿಗೆ ಕವಿತ ಮತ್ತೆ ಅಂಗಡಿಗೆ ಬಂದಳು. ಮಗು ಅವಳ ಬೆರಳು ಹಿಡಿದು ನಡೆಯುತ್ತಿತ್ತು. ಯಶೋಧರಾಗೆ ರ್‍ಯಾಕಿನ ಹಿಂದೆ ಸರಿಯೋಣವೆನ್ನಿಸಿತು. ಸರಿಯಲಿಲ್ಲ. ಹತ್ತಿರ ಹೋಗಿ, ಅವತ್ತು ತಾನು ಹೇಳಿದ್ದು ಸುಳ್ಳು, ಮಾಲೇ ಕೆಟ್ಟದ್ದಾಗಿತ್ತು ಎಂದು ತಡವರಿಸುತ್ತ ಹೇಳಿದರು.

"ನಂಗೆ ಅವತ್ತೇ ಗೊತ್ತಿತ್ತಕ್ಕ. ಗೊತ್ತಿಲ್ದೇ ಇರೋದು ನಮ್ಮತ್ತೆಗೆ" ಎಂದಳು ಕವಿತ. "ನಿಮ್ಮ ಮಾತು ಕೇಳಿದ ಮೇಲೆ ಮಗು ಹಾಲಿನ ಪಾತ್ರೆ ಅವರೇ ಇಟ್ಕೊಂಡ್ರು. ಮನೆಗೆ ಯಾರ್ ಬಂದ್ರೂ, ಬಾಟ್ಲಿ ಕುದಿಸಕ್ಕೂ ಬರ್ದೋಳು ಅಂತಾರೆ."

ಆ ಸುಳ್ಳು ಅವತ್ತಿನ ಒಂದು ನೋಟಕ್ಕೇ ಮುಗಿಯಿತೆಂದು ಯಶೋಧರಾ ಅಂದುಕೊಂಡಿದ್ದರು. ವಾರದ ರಜೆಯ ದಿನ ಬಸ್ಸು ಹತ್ತಿ ಪೆರೇಸಂದ್ರಕ್ಕೆ ಹೋದರು. ಶ್ಯಾಮಲಮ್ಮ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಪಕ್ಕದ ಮನೆಯವರೂ ಕೂತಿದ್ದರು. ಒಳಗೆ ಹೋಗಿ ಮಾತಾಡೋಣ ಎನ್ನಬಹುದಿತ್ತು. ಕವಿತಳಿಗೆ ಅವಮಾನವಾಗಿದ್ದು ನಾಲ್ಕು ಜನರೆದುರು, ಹಾಗಾಗಿ ಅಲ್ಲೇ ಹೇಳಿದರು.

"ನಿಮ್ ಸೊಸೆ ತಪ್ಪು ಏನೂ ಇರ್ಲಿಲ್ಲಮ್ಮ. ರಬ್ಬರೇ ಸರಿ ಇರ್ಲಿಲ್ಲ. ಕೆಲ್ಸ ಹೋಗುತ್ತೆ ಅಂತ ನಾನು ಸುಳ್ಳು ಹೇಳ್ದೆ."

ಶ್ಯಾಮಲಮ್ಮ ಬಿಡಿಸುತ್ತಿದ್ದುದನ್ನು ಪಕ್ಕಕ್ಕೆ ಸರಿಸಿದರು. ಯಶೋಧರಾರನ್ನು ಕೂರಿಸಲೂ ಇಲ್ಲ, ನೀರು ಬೇಕೇ ಎಂದು ಕೇಳಲೂ ಇಲ್ಲ. ಆಮೇಲೆ ಒಳಗೆ ಮುಖ ಮಾಡಿ ಕೂಗಿದರು. "ಕವಿತಾ, ಮಗೂಗೆ ಹಾಲು ನೀನೇ ಕಾಯ್ಸಮ್ಮ."

ಯಶೋಧರಾ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಕ್ಷಮಿಸಿದೆ ಎಂದು ಅವರಿಗೆ ಯಾರೂ ಹೇಳಲಿಲ್ಲ, ಅವರು ಕೇಳಲೂ ಇಲ್ಲ.

ಈಗ ಒಂಬತ್ತು ಗಂಟೆ. ಷಟರ್ ಪೂರ್ತಿ ಮೇಲೇಳುತ್ತದೆ. ಅವರು ಸೊಂಟ ಹಿಡಿದುಕೊಂಡು ಎದ್ದು ರಟ್ಟು ಮಡಚುತ್ತಾರೆ. ಮುಂದೇನಾಸೆ ಎಂದು ಕೇಳಿದರೆ ರಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೇಳುತ್ತಾರೆ.

"ಬಡವರ ಮಗೂಗೂ ಗಂಟ್ಲು ಒಂದೇ ಅಲ್ವಾ. ಅದು ಈ ಮಾಲು ಮಾಡೋರಿಗೆ ತಿಳಿದ್ರೆ, ನಾನೂ ಎಲ್ಲರ ಥರ ಒಂಬತ್ತಕ್ಕೇ ಬರ್ತೀನಿ."