ಮಾರ್ಟಳ್ಳಿ ದಾರಿಯಲ್ಲಿ ಕೇಳಿದ ಕೂಗು

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು ನಾನು. ಯಾರಾದರೂ ದೆವ್ವ, ಅಶರೀರವಾಣಿ ಎಂದು ಮಾತು ತೆಗೆದರೆ ನಕ್ಕು ಎದ್ದು ಹೋಗುತ್ತಿದ್ದೆ. ಈಗ ಕೂತು ಕೇಳುತ್ತೇನೆ. ನನ್ನನ್ನು ಹೀಗೆ ಮಾಡಿದ್ದು ಒಂದು ಬೈಕಿನ ಹಿಂದಿನ ಚಕ್ರ.

ಕೊಳ್ಳೇಗಾಲದಲ್ಲಿ ನನ್ನ ಬಳಿ ಹಳೆಯದೊಂದು ಬೈಕಿತ್ತು. ಟ್ಯಾಂಕು, ಹ್ಯಾಂಡಲ್ಲು, ಸೀಟು ಎಲ್ಲವನ್ನೂ ನನಗೆ ಬೇಕಾದಂತೆ ಬದಲಾಯಿಸಿಕೊಂಡಿದ್ದೆ. ಕೊನೆಗೆ ಅಲಾಯ್ ಚಕ್ರ ತೆಗೆಸಿ, ಕಡ್ಡಿಗಳಿರುವ ಅಗಲವಾದ ಚಕ್ರ ಹಾಕಿಸುವ ಹುಚ್ಚು ಹಿಡಿಯಿತು. ಯಳಂದೂರಿನ ಮೆಕ್ಯಾನಿಕ್ ಮಾದೇವ ಹೇಗೋ ಹೊಂದಿಸಿ ಕೂರಿಸಿದ. ಆದರೆ ಚಕ್ರದ ನಡುಭಾಗ ದಪ್ಪವಾಗಿದ್ದರಿಂದ ಅದರೊಳಗೆ ತೂರುವ ಆಕ್ಸಲ್ ಸರಳಿನ ಉದ್ದ ಸಾಲಲಿಲ್ಲ. ನಟ್ಟು ಹಿಡಿಯಿತು, ಅದು ಕಳಚದಂತೆ ತಡೆಯುವ ಪಿನ್ನಿಗೆ ಜಾಗವೇ ಉಳಿಯಲಿಲ್ಲ.

“ಆಕ್ಸಲ್ಲು ಗಿಡ್ಡ ಆಯ್ತದೆ ಸಾ. ಉದ್ದುದ್ದು ತರಿಸ್ತೀನಿ, ಒಂದ್ ವಾರ ತಡೀರಿ. ಅಲ್ಲೀಗಂಟ ದೂರ ಓಗ್ಬ್ಯಾಡಿ,” ಎಂದ.

ಆಯಿತು ಎಂದವನು ಆ ಭಾನುವಾರವೇ ಮನೆಮಾತು ತಮಿಳಾದ ಹೆಂಡತಿ ಸೆಲ್ವಿಯನ್ನು ಕೂರಿಸಿಕೊಂಡು ಮಾರ್ಟಳ್ಳಿಯ ಅವಳ ತವರಿಗೆ ಹೊರಟೆ. ಅವಳು ನಾಲ್ಕು ತಿಂಗಳ ಬಸುರಿ. ಬಸ್ಸಿನಲ್ಲಿ ಹೋಗೋಣ ಎಂದು ಎರಡು ಸಲ ಹೇಳಿದಳು. ನನಗೋ ಹೊಸ ಚಕ್ರವನ್ನು ಭಾವಮೈದುನನಿಗೆ ತೋರಿಸುವ ಆಸೆ. ಮಾದೇವ ಹೇಳಿದ್ದನ್ನು ಅವಳಿಗೆ ತಿಳಿಸಲಿಲ್ಲ.

ಹನೂರು ದಾಟಿ ಬಹಳ ದೂರ ಬಂದಿದ್ದೆವು. ಮಧ್ಯಾಹ್ನದ ಬಿಸಿಲು, ಎರಡೂ ಕಡೆ ಕೊಯ್ಲಾದ ಬಯಲು. ಇಳಿಜಾರಿನಲ್ಲಿ ವೇಗವಾಗಿ ಹೋಗುತ್ತಿದ್ದಾಗ ನನ್ನ ಕಿವಿಯ ಪಕ್ಕದಲ್ಲೇ ಒಬ್ಬ ಗಂಡಸು ಗದರಿದ: “ಲೇ, ನಿಲ್ಸಲಾ ಗಾಡಿಯ!”

ಬೆಚ್ಚಿ ನಿಲ್ಲಿಸಿದೆ. ಇಳಿದು ನೋಡಿದರೆ ಹಿಂದಿನ ಚಕ್ರದ ನಟ್ಟೇ ಇಲ್ಲ. ಆಕ್ಸಲ್ ಅರ್ಧ ಹೊರಗೆ ಜಾರಿತ್ತು. ಮುಂದೆ ತಿರುವು, ಅದರಾಚೆ ಆಳವಾದ ಹಳ್ಳ.

“ಯಾರ್ರೀ ಆಯಮ್ಮ?” ಎಂದು ಸೆಲ್ವಿ ಸುತ್ತ ಹುಡುಕತೊಡಗಿದಳು.

“ಯಾವ ಆಯಮ್ಮ? ಕೂಗಿದ್ದು ಗಂಡಸಲ್ವಾ?”

“ಇಲ್ಲ ರೀ, ಹೆಂಗಸು. ಗಾಡಿ ನಿಲ್ಸು ಅಂತ ತಮಿಳಲ್ಲಿ ಕೂಗಿದ್ಲು. ನನ್ ಕಿವೀಲೇ ಕೂಗ್ದಂಗಾಯ್ತು.”

ಅಷ್ಟು ದೂರದಲ್ಲಿ ಮೇಕೆ ಮೇಯಿಸುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದರು. ಅವರನ್ನೇ ಕೇಳಿದೆ.

“ಯಾರೂ ಕೂಗ್ನಿಲ್ವಲ್ಲ ಸಾ. ನಾನು ಬೆಳಗಿಂದ ಇಲ್ಲೇ ಇವ್ನಿ. ನೀವಾಗೇ ತಟ್ಟನೆ ನಿಲ್ಸುದ್ರಿ.”

ಮಾರ್ಟಳ್ಳಿಯಿಂದ ಭಾವಮೈದುನ ಆಟೋ ತಂದು ನಮ್ಮನ್ನು ಕರೆದೊಯ್ದ. ಅಂದು ಸಂಜೆ ಮಾದೇವ ಕೊಟ್ಟಿದ್ದ ಎಚ್ಚರಿಕೆಯನ್ನು ಸೆಲ್ವಿಗೆ ಹೇಳಿಬಿಟ್ಟೆ. “ನಿಮಗೆ ಮೊದ್ಲೇ ಗೊತ್ತಿತ್ತಾ?” ಎಂದಷ್ಟೇ ಕೇಳಿದಳು.

ನನ್ನ ಮಟ್ಟಿಗೆ ಒಂದು ವಿವರಣೆ ಕೊಟ್ಟುಕೊಳ್ಳಬಲ್ಲೆ. ಚಕ್ರ ಅಲುಗಿದ್ದು ನನ್ನ ಮೈಗೆ ತಿಳಿದಿರಬೇಕು. ಒಳಗಿದ್ದ ಅಳುಕೇ ದನಿಯಾಗಿ ಗದರಿರಬೇಕು. ಆದರೆ ಏನೂ ಗೊತ್ತಿಲ್ಲದೆ ಹಿಂದೆ ಕೂತಿದ್ದ ಸೆಲ್ವಿಗೆ ಅದೇ ಗಳಿಗೆಯಲ್ಲಿ ಇನ್ನೊಂದು ದನಿ ಕೇಳಿಸಿದ್ದು ಹೇಗೆ? ಎಷ್ಟು ಸಲ ಕೇಳಿದರೂ ಅವಳು ಒಂದಕ್ಷರ ಬದಲಿಸದೆ ಹಾಗೇ ಹೇಳುತ್ತಾಳೆ.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಆ ದಾರಿಯಲ್ಲಿ ಆಗಾಗ ಓಡಾಡುತ್ತೇನೆ. ಇಳಿಜಾರು ಬಂದಾಗ ವೇಗ ತಗ್ಗಿಸಿ ಕಿವಿಗೊಡುತ್ತೇನೆ. ಏನೂ ಕೇಳಿಸುವುದಿಲ್ಲ. ಎಲ್ಲ ಸರಿಯಾಗಿದೆ ಎಂದು ಅಂದು ಕೂಗಿದವರು ಸುಮ್ಮನಿದ್ದಾರೋ, ಮಾತು ಕೇಳದ ಇವನಿಗೆ ಇನ್ನು ಹೇಳುವುದು ಬೇಡವೆಂದು ಸುಮ್ಮನಾಗಿದ್ದಾರೋ, ನನಗೆ ತಿಳಿಯದು.