ಅವ್ವ ಹೇಳದೆ ಬಿಟ್ಟ ಪ್ರತಿಜ್ಞೆ

ನಮ್ಮ ಶಹಾಪುರ ಸೀಮೆಗೆ ಕಾಲುವೆ ಬಂದಿತ್ತು, ನೀರು ಇನ್ನೂ ಬಂದಿರಲಿಲ್ಲ. ನಾನು ಹೇಳಹೊರಟಿರುವುದು ಆ ನಡುವಿನ ದಿನಗಳಿಂದ ಶುರುವಾದದ್ದು. ಊರಿನ ಮಗ್ಗುಲಲ್ಲೇ ಹಾದುಹೋಗಿದ್ದ ಆ ಸಿಮೆಂಟಿನ ತಗ್ಗನ್ನು ನೋಡಿ ದೊಡ್ಡವರು ಭತ್ತದ ಮಾತಾಡುತ್ತಿದ್ದರು. ನಮಗೆ ಮಾತ್ರ ಅದು ಜಾರುಬಂಡಿ. ಗೊಬ್ಬರದ ಖಾಲಿ ಚೀಲದ ಮೇಲೆ ಕುಳಿತು ದಂಡೆಯಿಂದ ಕೆಳಗೆ ಜಾರುವುದು, ಬರಿಗಾಲಲ್ಲಿ ಮತ್ತೆ ಹತ್ತುವುದು. ಬಿಸಿಲಿಗೆ ಕಾದ ಸಿಮೆಂಟು, ಚೀಲದ ಯೂರಿಯಾ ವಾಸನೆ, ಬಟ್ಟೆ ಹರಿದುಕೊಂಡು ಬಂದಿದ್ದಕ್ಕೆ ಮನೆಯಲ್ಲಿ ಬೈಗುಳ. ನನ್ನ ಓರಗೆಯವರಿಗೆ ಇದೆಲ್ಲ ನೆನಪಿರಬಹುದು. ನನ್ನ ತಮ್ಮ ರಾಹುಲ ನಮ್ಮೆಲ್ಲರಿಗಿಂತ ಸಣ್ಣವನು, ಇನ್ನೂ ಶಾಲೆಗೆ ಹಾಕಿರಲಿಲ್ಲ. ಜಾರುವಾಗ ಅವನೊಬ್ಬನೇ ಕಣ್ಣು ಮುಚ್ಚುತ್ತಿರಲಿಲ್ಲ.

ನಮ್ಮದು ಬೌದ್ಧರ ಮನೆ. ಅಪ್ಪ ಪಕ್ಕದ ಊರಿನ ಶಾಲೆಯಲ್ಲಿ ಮಾಸ್ತರ. ನಾನು ತೊಟ್ಟಿಲಲ್ಲಿದ್ದಾಗ ಅವನೇ ಮುಂದೆ ನಿಂತು ನಮ್ಮ ಓಣಿಯವರಿಗೆಲ್ಲ ದೀಕ್ಷೆ ಕೊಡಿಸಿದ್ದ. ಅವ್ವ ಒಲ್ಲದ ಮನಸ್ಸಿನಿಂದ ಬಂದವಳಲ್ಲ. "ಹಣಮಂತ ದೇವರ ಗುಡಿ ಹೊರಗ ಬಿಸಿಲಾಗ ನಿಂತು, ಮ್ಯಾಲಿಂದ ಒಗೆದ ಕಾಯಿ ಹೋಳು ಉಡ್ಯಾಗ ಹಿಡಕೊಂಡಾಕಿ ನಾ. ಇಲ್ಲಿ ಮುಂದಿನ ಸಾಲಿನಾಗ ಕುಂಡ್ರತೀನಿ," ಎನ್ನುತ್ತಿದ್ದಳು. ನಮ್ಮ ವಿಹಾರವೆಂದರೆ ತಗಡು ಹೊದಿಸಿದ ಒಂದು ಕೋಣೆ. ಹುಣ್ಣಿಮೆ ಬಂದರೆ ಅವ್ವ ಅದನ್ನು ಸಗಣಿಯಿಂದ ಸಾರಿಸಿ, ಬಿಳಿ ಸೀರೆಯುಟ್ಟು, ಬುದ್ಧನ ಪಟದ ಎದುರಿಗೇ ಕೂರುತ್ತಿದ್ದಳು. ವಂದನೆಯಾದ ಮೇಲೆ ಅಪ್ಪ ದೀಕ್ಷೆಯ ಪ್ರತಿಜ್ಞೆಗಳನ್ನು ಕನ್ನಡದಲ್ಲಿ ಹೇಳಿಕೊಡುತ್ತಿದ್ದ, ಎಲ್ಲರೂ ಹೇಳುತ್ತಿದ್ದರು. ಸತ್ತವರಿಗೆ ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎನ್ನುವುದೂ ಅವುಗಳಲ್ಲೊಂದು. ಆಗೆಲ್ಲ ಅವ್ವನ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು.

ಆ ವರ್ಷ ಕಾಲುವೆಗೆ ನೀರು ಬಿಟ್ಟರು. ಕೆಂಪಗೆ, ಕಸಕಡ್ಡಿ ಹೊತ್ತು ಬಂದ ನೀರಿಗೆ ಊರಿನ ಹೆಂಗಸರು ಅರಿಶಿನ ಕುಂಕುಮ ಹಾಕಿದರು. ಜೋಳ ತೊಗರಿಯ ಹೊಲಗಳಿಗೆ ಒಡ್ಡು ಹಾಕಿ ಗದ್ದೆ ಮಾಡಿದರು. ಭತ್ತ ಹಚ್ಚಲು ಎಲ್ಲಿಂದಲೋ ಬಂದ ಕೂಲಿಯವರು ಕಾಲುವೆಯ ದಂಡೆಯಲ್ಲಿ ತಾಡಪತ್ರಿಯ ಗುಡಿಸಲು ಹಾಕಿಕೊಂಡರು. ಕಾಲುವೆಗೆ ಹೋಗಬಾರದೆಂದು ನಮಗೆಲ್ಲ ಹೇಳಿದ್ದರು. ನಮಗೆ ತಿಳಿಯಿತು. ರಾಹುಲನಿಗೆ ಅದು ತಾನು ದಿನವೂ ಜಾರುತ್ತಿದ್ದ ಜಾಗ, ಅಷ್ಟೇ. ಅವ್ವ ರೊಟ್ಟಿ ಬಡಿಯುತ್ತಿದ್ದಾಗ, ಉಣ್ಣದೆ, ಚೀಲ ಎಳೆದುಕೊಂಡು ಹೊರಟುಹೋದ. ದಂಡೆಯ ಸಿಮೆಂಟು ಅಷ್ಟರಲ್ಲಿ ಪಾಚಿಗಟ್ಟಿತ್ತು. ಅವನು ಸಿಕ್ಕಿದ್ದು ಕೆಳಗಿನ ತೂಬಿನ ಹತ್ತಿರ. ಅಪ್ಪ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ, ಜಾತ್ರೆಯಲ್ಲಿ ನಿದ್ದೆ ಹೋದ ಮಗುವನ್ನು ತರುವ ಹಾಗೆ.

ಮಣ್ಣು ಮಾಡಿದ ಮಾರನೆಯ ದಿನ ಅವ್ವ ಅಪ್ಪನಿಗೆ ಹೇಳಿದಳು, "ಹುಡುಗ ಹಸಗೊಂಡು ಹೋಗ್ಯಾನ್ರಿ. ಒಂದೀಟು ಬೆಲ್ಲದ ಮುಟಗಿ ಮಾಡಿ ಕಾಲುವಿ ದಂಡಿಗೆ ಎಡಿ ಇಟ್ಟು ಬರ್ತೀನಿ." ಬಿಸಿ ಜೋಳದ ರೊಟ್ಟಿಯನ್ನು ಬೆಲ್ಲ ತುಪ್ಪದ ಜೊತೆ ಕುಟ್ಟಿ ಮಾಡುವ ಆ ಮುಟಗಿಗಾಗಿ ರಾಹುಲ ಒಲೆಯ ಮುಂದೆಯೇ ಕೂರುತ್ತಿದ್ದ.

ಅಪ್ಪ ತಲೆ ಎತ್ತಲಿಲ್ಲ. "ಅದೊಂದು ಬ್ಯಾಡ. ದೀಕ್ಷಾ ತಗೊಂಡ ಮಂದಿ ನನ್ನಽ ನೋಡಾಕತ್ತಾರ. ಇವತ್ತು ನಾ ಎಡಿ ಇಟ್ರ, ನಾಳೆ ಎಲ್ಲಾರ ಮನ್ಯಾಗೂ ಹಳೇದು ತಿರುಗಿ ಬರ್ತದ."

"ನಾ ಭಟ್ಟರನ್ನ ಕರೀರಿ ಅಂದೆನೇನು? ಪಿಂಡ ಅಂದೆನೇನು? ಮಗಗ ಉಣ್ಣಾಕ ಕೊಡ್ತೀನಂದೆ."

"ಸತ್ತಾಂವ ಉಣ್ಣೂದಿಲ್ಲ."

"ಅದು ನನಗೂ ಗೊತ್ತದ," ಎಂದಳು ಅವ್ವ.

ಈ ಮಾತು ಹೇಗೋ ರಂಗಂಪೇಟೆಯಲ್ಲಿದ್ದ ನಮ್ಮ ಮಾವನಿಗೆ, ಅಂದರೆ ಅವ್ವನ ಅಣ್ಣನಿಗೆ, ಮುಟ್ಟಿತು. ಅವನು ದೀಕ್ಷೆ ತೆಗೆದುಕೊಂಡವನಲ್ಲ. ಬಂದವನೇ, "ಬಿಡು ತಂಗಿ, ಈ ಧರ್ಮ ನಿನಗ್ಯಾಕ? ನಡಿ ನಮ್ಮನಿಗೆ. ನಮ್ಮ ದೇವಿ ಮರಗಮ್ಮನ ಮುಂದ ಎಡಿ ಇಡು, ನಿನ್ನ ಯಾರು ಬ್ಯಾಡಂತಾರ ನೋಡೂಣು," ಎಂದ. ಅವ್ವ ಕಣ್ಣೊರೆಸಿಕೊಂಡು ಹೇಳಿದಳು, "ಬರಂಗಿಲ್ಲಣ್ಣ. ಬುದ್ಧ ನನ್ನಾಂವ. ನನ್ನ ಜಗಳ ನನ್ನ ಮನ್ಯಾಗಿಂದು, ಅದಕ್ಕ ಮನಿ ಬಿಟ್ಟು ಬರ್ಲೇನು?" ಮಾವ ನೀರೂ ಕುಡಿಯದೆ ಎದ್ದುಹೋದ. ಮುಂದೆ ಅವನು ನಮ್ಮ ಮನೆಗೆ ಬರಲಿಲ್ಲ.

ಕಲಬುರಗಿ ಕಡೆಯಿಂದ ಭಂತೇಜಿ, ಅಂದರೆ ಬೌದ್ಧ ಭಿಕ್ಷುವೊಬ್ಬರು, ರಾಹುಲನ ಹೆಸರಿನಲ್ಲಿ ಪಾಠ ಓದಲು ಬಂದಾಗ ಅವ್ವ ಅವರನ್ನೂ ಕೇಳಿದಳು. ಅವರು ಬಹಳ ಮೆತ್ತಗಿನ ಮನುಷ್ಯರು. "ಹಸಿದ ಮಕ್ಕಳಿಗೆ ಉಣಿಸವ್ವ, ಆ ಪುಣ್ಯ ನಿನ್ನ ಮಗನಿಗೆ ಮುಟ್ತದ," ಎಂದರು. ಅವ್ವ ಅವರಿಗೆ ಕೈ ಮುಗಿದು, "ಪುಣ್ಯ ಅಲ್ರಿ ಭಂತೇಜಿ, ಅವಗ ಮುಟಗಿ ಮುಟ್ಟಬೇಕಾಗ್ಯದ," ಎಂದಳು.

ಒಂದು ದಿನ ಅಪ್ಪ ಶಾಲೆಗೆ ಹೋದ ಮೇಲೆ ಅವ್ವ ಒಲೆ ಹಚ್ಚಿದಳು. ಮನೆ ತುಂಬ ತುಪ್ಪದ ವಾಸನೆ. ಹಿತ್ತಾಳೆಯ ಬಟ್ಟಲಲ್ಲಿ ಮುಟಗಿ ಹಾಕಿ, ಮೇಲೆ ಎಲೆ ಮುಚ್ಚಿ, ನನ್ನ ಕೈ ಹಿಡಿದು ಕಾಲುವೆಗೆ ನಡೆದಳು. ದಂಡೆ ಹತ್ತುವಷ್ಟರಲ್ಲಿ ಹಿಂದೆ ಅಪ್ಪನ ಸೈಕಲ್ಲು. ಯಾರೋ ಹೇಳಿರಬೇಕು.

ಅಪ್ಪ ಬೈಯಲಿಲ್ಲ. ಬಟ್ಟಲಿಗೆ ಕೈ ಚಾಚಿದ. ಅವ್ವ ಬಿಡಲಿಲ್ಲ. ಇಬ್ಬರೂ ಹಿಡಿದುಕೊಂಡೇ ನಿಂತರು. ಕೊನೆಗೆ ಅವ್ವನೇ ಬಿಟ್ಟಳು. ಅಪ್ಪ ಬಟ್ಟಲನ್ನು ಒಯ್ದು ಗುಡಿಸಲುಗಳ ಮುಂದೆ ಆಡುತ್ತಿದ್ದ ಕೂಲಿಯವರ ಮಕ್ಕಳ ನಡುವೆ ಇಟ್ಟ. ಕೆಸರುಗೈಯಲ್ಲೇ ಅವು ಮುತ್ತಿಕೊಂಡವು. ರಾಹುಲನಷ್ಟೇ ಇದ್ದ ಒಂದು ಹುಡುಗಿ ಬಟ್ಟಲನ್ನು ಎತ್ತಿ ನೆಕ್ಕಿದಳು.

"ಉಣ್ಣಲಿ. ಅವೂ ಹೆತ್ತವರ ಮಕ್ಕಳಽ," ಎಂದಳು ಅವ್ವ. ಸ್ವಲ್ಪ ಹೊತ್ತಾದ ಮೇಲೆ, "ನನ್ನ ಮಗಗ ಏನೂ ಸಿಗಲಿಲ್ಲ," ಎಂದಳು. ಅದನ್ನು ಅಪ್ಪನಿಗೆ ಹೇಳಿದಳೋ, ನೀರಿಗೋ ತಿಳಿಯಲಿಲ್ಲ.

ಮುಂದಿನ ಹುಣ್ಣಿಮೆಗೂ ಅವ್ವ ವಿಹಾರ ಸಾರಿಸಿದಳು, ಬಿಳಿ ಸೀರೆಯುಟ್ಟು ಅದೇ ಮುಂದಿನ ಸಾಲಿನಲ್ಲಿ ಕುಳಿತಳು. ಎಲ್ಲ ಪ್ರತಿಜ್ಞೆಗಳನ್ನೂ ಹೇಳಿದಳು. ಶ್ರಾದ್ಧದ ಮಾತು ಬಂದಾಗ ಬಾಯಿ ಮುಚ್ಚಿದಳು. ಹೇಳಿಕೊಡುತ್ತಿದ್ದ ಅಪ್ಪ ಒಂದು ಗಳಿಗೆ ತಡೆದು ಮುಂದಿನದಕ್ಕೆ ಹೋದ. ಆಮೇಲೆ ಪ್ರತಿ ಹುಣ್ಣಿಮೆಯೂ ಹಾಗೆಯೇ ಆಯಿತು. ಓಣಿಯ ಹೆಂಗಸರು, "ಒಲ್ಲದಿದ್ರ ಯಾಕ ಬರ್ತಿ?" ಎಂದರೆ, "ಆ ಒಂದು ಮಾತು ಒಲ್ಲೆ, ಉಳಿದದ್ದೆಲ್ಲ ನಂದಽ," ಎನ್ನುತ್ತಿದ್ದಳು. ಮನೆಯಲ್ಲಿ ಮಾತ್ರ ಅಪ್ಪ ಅವ್ವನ ನಡುವೆ ಉಪ್ಪು, ನೀರು, ಸೀಮೆಎಣ್ಣೆಗಳ ಮಾತಷ್ಟೇ ಉಳಿಯಿತು. ನಗು ಎನ್ನುವುದು ಹೋಯಿತು. ನಾನು ಆ ಮನೆಯಲ್ಲೇ ಬೆಳೆದು ದೊಡ್ಡವಳಾದೆ.

ಈಗ ವಿಹಾರಕ್ಕೆ ಆರ್‌ಸಿಸಿ ಛಾವಣಿಯಾಗಿದೆ, ನೆಲಕ್ಕೆ ಟೈಲ್ಸ್ ಹಾಕಿದ್ದಾರೆ. ಊರ ಸುತ್ತ ಕಣ್ಣು ಹಾಯುವವರೆಗೂ ಭತ್ತ, ಜೋಳದ ಹೊಲ ಹುಡುಕಿದರೂ ಸಿಗುವುದಿಲ್ಲ. ಅವ್ವ ತೀರಿಕೊಂಡು ಕೆಲವು ವರ್ಷಗಳಾದವು. ಪಾಠ ಓದಿಸಿದೆವು, ಮೇಣದ ಬತ್ತಿ ಹಚ್ಚಿದೆವು, ಎಡೆ ಇಡಲಿಲ್ಲ. ಅದಾದ ಮೇಲೆ ಒಂದು ಸಂಜೆ, ಕಣ್ಣು ಮಂದವಾಗಿ ಹೊರಸಿನ ಮೇಲೆ ಕುಳಿತಿದ್ದ ಅಪ್ಪನನ್ನು ಕೇಳಿದೆ, "ಅಪ್ಪ, ಅವತ್ತು ತಮ್ಮಗ ಎಡಿ ಇಡಬೇಕು ಅಂತ ನಿನಗ ಒಮ್ಮೆರೆ ಅನ್ನಿಸಲಿಲ್ಲೇನು?"

"ಅನ್ನಿಸ್ತಿತ್ತು. ಬಟ್ಲಾ ಹಿಡಕೊಂಡಾಗ ಅನ್ನಿಸ್ತು. ಈಗೂ ಅನ್ನಿಸ್ತದ," ಎಂದ. "ಮಾಸ್ತರ ನಾನು, ಅದನ್ನ ಯಾರ ಮುಂದ ಹೇಳಬೇಕಿತ್ತು?"

ಯಾರ ಮುಂದೆ ಎನ್ನುವುದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಹೇಳಿದ್ದರೆ ತಮ್ಮ ತಿರುಗಿ ಬರುತ್ತಿರಲಿಲ್ಲ. ಮೊದಲಿನ ಅವ್ವನಾದರೂ ನಮಗೆ ಉಳಿಯುತ್ತಿದ್ದಳು.